ಹಬ್ಬಕ್ಕೆ ಮೊದಲು ಕೂಲಿ

ಕ್ರಿಸ್‌ಮಸ್ ಖರ್ಚಿನ ಪಟ್ಟಿ ಬರೆಯಲು ಕೂತರೆ ಕೈ ಮೊದಲು ಹೋಗುವುದು ಬಟ್ಟೆ, ಕೇಕು, ನಕ್ಷತ್ರದೀಪ, ಗೋದಲಿಗಳ ಕಡೆಗೆ. ಆಮೇಲೆ ಚರ್ಚಿನ ಕಾಣಿಕೆ, ಬಡವರಿಗೆ ಒಂದಿಷ್ಟು. ಮನೆಗೆಲಸಕ್ಕೆ ಬರುವ ಅಕ್ಕನ ಸಂಬಳ, ಟೈಲರಿಗೆ ಕೊಡಬೇಕಾದ ಬಾಕಿ, ಅಂಗಳದ ಹುಲ್ಲು ಕೆತ್ತಿದವನ ಕೂಲಿ ಆ ಪಟ್ಟಿಯ ಬುಡದಲ್ಲೆಲ್ಲೋ ಇರುತ್ತವೆ. ಕೆಲವು ಮನೆಗಳಲ್ಲಿ ಇರುವುದೇ ಇಲ್ಲ. ಈ ಪಟ್ಟಿಯನ್ನು ತಿರುವಿ ಬರೆಯೋಣ ಎಂಬುದು ಈ ಸಲದ ನನ್ನ ಮಾತು. ದುಡಿದವರಿಗೆ ಸಲ್ಲಬೇಕಾದದ್ದು ಮೊದಲು, ದಾನ ಅದರ ನಂತರ, ನಮ್ಮ ಮೇಜಿನ ಹಬ್ಬ ಕೊನೆಗೆ.

ಕೂಲಿ ಪಡೆಯುವವರ ಮನೆಯನ್ನೂ ಕೂಲಿ ಬಟವಾಡೆ ಮಾಡುವ ಮೇಜನ್ನೂ ನಾನು ಬಲ್ಲೆ. ಬೆಳೆದದ್ದು ಮಂಗಳೂರಿನ ಹೊರವಲಯದಲ್ಲಿ, ಬೀಡಿ ಕಟ್ಟಿ ಬದುಕುತ್ತಿದ್ದ ಕ್ರೈಸ್ತ ಮನೆಯಲ್ಲಿ. ಈಗ ದುಡಿಯುತ್ತಿರುವುದು ಬೈಕಂಪಾಡಿಯ ಒಂದು ಕಾರ್ಖಾನೆಯ ಸಂಬಳ ವಿಭಾಗದಲ್ಲಿ. ಅಮ್ಮ ತಡ್ಪೆಯನ್ನು, ಅಂದರೆ ಮೊರವನ್ನು, ತೊಡೆಯ ಮೇಲಿಟ್ಟುಕೊಂಡು ಜಪಸರದ ಪ್ರಾರ್ಥನೆ ಹೇಳುತ್ತಲೇ ಬೀಡಿ ಸುತ್ತುತ್ತಿದ್ದರು. ಬೀಡಿ ಕಂಪನಿಯ ಬ್ರಾಂಚಿನಿಂದ ವರ್ಷದ ಬೋನಸ್ ಕೈಗೆ ಬಂದೊಡನೆ ದಿನಸಿ ಅಂಗಡಿಯ ಲೆಕ್ಕ ಚುಕ್ತಾ ಆಗಬೇಕು. ಉಳಿದದ್ದರಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಮೈದಾ ಬರುತ್ತಿತ್ತು. ಅದರಿಂದಲೇ ಕಿಡ್ಯೊ, ನೆವ್ರ್ಯೊ, ಗುಳಿಯೊ, ತುಕ್ಡಿ ಮುಂತಾದ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳು. ಬಾಕಿ ಇಟ್ಟುಕೊಂಡು ಕುಸ್ವಾರ್ ಹಂಚಬಾರದು ಎಂಬುದು ಅವರ ಕಟ್ಟುನಿಟ್ಟು. ಅಂಗಡಿಯವರ ಮನೆಗೆ ತಟ್ಟೆ ಕೊಂಡುಹೋಗುವಾಗ ಅವರ ಮುಖ ನೋಡಿ ಮಾತಾಡುವಂತಿರಬೇಕು ಎನ್ನುತ್ತಿದ್ದರು.

ಆ ಬೋನಸ್ ಯಾರ ಔದಾರ್ಯವೂ ಅಲ್ಲ ಎಂದು ನನಗೆ ಸ್ಪಷ್ಟವಾದದ್ದು ಸಂಬಳ ವಿಭಾಗಕ್ಕೆ ಸೇರಿದ ಮೇಲೆ. 1965ರ ಬೋನಸ್ ಕಾಯ್ದೆ ಹಾಕಿಕೊಟ್ಟ ಲೆಕ್ಕ ಸರಳವಾಗಿದೆ. ವರ್ಷದ ಕೂಲಿಯ ಕನಿಷ್ಠ ಶೇ. 8.33, ಗರಿಷ್ಠ ಶೇ. 20. ಶೇ. 8.33 ಎಂದರೆ ಹನ್ನೆರಡರಲ್ಲಿ ಒಂದು ಪಾಲು, ಅಂದರೆ ಒಂದು ತಿಂಗಳ ಕೂಲಿ. ವರ್ಷದಲ್ಲಿ 30 ದಿನ ಕೆಲಸ ಮಾಡಿದವರೂ ಇದಕ್ಕೆ ಅರ್ಹರು. 2015ರ ತಿದ್ದುಪಡಿ ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದಾರರನ್ನು ಇದರ ವ್ಯಾಪ್ತಿಗೆ ತಂದಿತು. ಬೋನಸ್ಸಿನ ಲೆಕ್ಕಕ್ಕೆ ತಿಂಗಳಿಗೆ 7,000 ರೂಪಾಯಿ ಅಥವಾ ಕನಿಷ್ಠ ವೇತನ, ಯಾವುದು ಹೆಚ್ಚೋ ಅದನ್ನು ಆಧಾರವಾಗಿಸಿತು.

ಈ ಹಣ ಕೊಡಲು ಕಾನೂನು ಇಟ್ಟ ಗಡುವು, ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ. ಮಾರ್ಚ್ 31ಕ್ಕೆ ಲೆಕ್ಕ ಮುಗಿಸುವ ಸಂಸ್ಥೆಗೆ ಅದು ನವೆಂಬರ್ 30. ನಮ್ಮ ಆಗಮನ ಕಾಲ ಶುರುವಾಗುವುದೂ ನವೆಂಬರ್ 30ಕ್ಕೆ ಅತ್ಯಂತ ಹತ್ತಿರದ ಭಾನುವಾರ. ಕ್ರಿಸ್ತಜಯಂತಿಗೆ ಮನಸ್ಸನ್ನು ಅಣಿಗೊಳಿಸಲು ಮೊದಲ ಮೋಂಬತ್ತಿ ಹಚ್ಚುವ ಹೊತ್ತಿಗೆ ದುಡಿದವರ ಬಾಕಿ ತೀರಿರಬೇಕು! ಕಾನೂನು ಬರೆದವರ ಮನಸ್ಸಿನಲ್ಲಿ ಇದು ಇರಲಿಕ್ಕಿಲ್ಲ. ಆದರೂ ಪ್ರತಿ ವರ್ಷ ಆ ವಾರ ಬಂದಾಗ ನನಗೆ ನನ್ನ ಕೆಲಸವೂ ನನ್ನ ಪ್ರಾರ್ಥನೆಯೂ ಒಂದೇ ಎನಿಸುತ್ತದೆ.

ಬೈಬಲ್ ಈ ವಿಷಯದಲ್ಲಿ ತುಂಬ ಖಡಕ್ಕಾಗಿದೆ. ಬಡ ಕೂಲಿಯವನ ಸಂಬಳವನ್ನು ಅಂದೇ, ಹೊತ್ತು ಮುಳುಗುವ ಮುನ್ನ ಕೊಡಬೇಕೆಂದು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ವಿಧಿಸುತ್ತದೆ. ಹೊಲ ಕೊಯ್ದವರಿಂದ ತಡೆಹಿಡಿದ ಕೂಲಿಯೇ ದೇವರ ಮುಂದೆ ಕೂಗಿ ದೂರುತ್ತದೆ ಎನ್ನುತ್ತಾರೆ ಯಾಕೋಬರು ತಮ್ಮ ಪತ್ರದ 5ನೆಯ ಅಧ್ಯಾಯದಲ್ಲಿ. 1891ರ ಮೇ 15ರಂದು ಪೋಪ್ 13ನೆಯ ಲಿಯೋ ಹೊರಡಿಸಿದ 'ರೇರುಂ ನೊವಾರುಂ' ವಿಶ್ವಪತ್ರ, ಮಿತವಾಗಿ ಬದುಕುವ ಕೆಲಸಗಾರನ ಹೊಟ್ಟೆಬಟ್ಟೆಗೆ ಸಾಲದಷ್ಟು ಕಡಿಮೆ ಕೂಲಿ ಅನ್ಯಾಯವೆಂದು ಸಾರಿತು, ಅದಕ್ಕೆ ಆತ ಒಪ್ಪಿದ್ದರೂ ಸಹ. ಇವುಗಳಲ್ಲಿ ಎಲ್ಲಿಯೂ ಕೂಲಿಯನ್ನು ದಯೆಯ ಲೆಕ್ಕಕ್ಕೆ ಬರೆದಿಲ್ಲ. ಕೊಡಲೇಬೇಕಾದದ್ದನ್ನು ಹಬ್ಬದ ಉಡುಗೊರೆಯಂತೆ ಕೊಟ್ಟರೆ ಪಡೆಯುವವರ ಹಕ್ಕನ್ನು ಕಿತ್ತುಕೊಂಡು ಅವರಿಂದ ಕೃತಜ್ಞತೆ ಕೇಳಿದಂತಾಗುತ್ತದೆ.

ಇದನ್ನು ನಮ್ಮ ಮನೆಯ ಲೆಕ್ಕಕ್ಕೆ ಇಳಿಸುವುದು ಹೇಗೆ? ಮನೆಗೆಲಸದವರಿಗೆ ಬೋನಸ್ ಕಾನೂನಿನ ರಕ್ಷಣೆ ಇಲ್ಲ. ಆದರೆ ಕಾನೂನಿನ ಅಳತೆಗೋಲು ನಮ್ಮ ಕೈಯಲ್ಲಿದೆ: ವರ್ಷಕ್ಕೆ ಒಂದು ಪೂರ್ತಿ ತಿಂಗಳ ಸಂಬಳ. ತಿಂಗಳಿಗೆ 4,000 ಕೊಡುತ್ತಿದ್ದರೆ ಬೋನಸ್ಸೂ 4,000. ಹಳೆ ಸೀರೆ, ಕುಸ್ವಾರಿನ ತಟ್ಟೆ ಇವು ಪ್ರೀತಿಗೆ. ಬೋನಸ್ಸಿನಲ್ಲಿ ಅವನ್ನು ಕಳೆಯುವಂತಿಲ್ಲ. ಅವರ ಹಬ್ಬ ದೀಪಾವಳಿಯೋ ರಂಜಾನೋ ಆಗಿದ್ದರೆ ಹಣ ಆಗಲೇ ಕೈ ಸೇರಲಿ. ನಮ್ಮ ಹಬ್ಬಕ್ಕಾಗಿ ಅವರು ಕಾಯಬೇಕಾದ್ದಿಲ್ಲ.

ಕಚೇರಿಯಲ್ಲಿ ಕೂತು ಸಹಿ ಹಾಕುವವರಿಗೆ ಇನ್ನೊಂದು ಮಾತು. ಕಾವಲು, ಸ್ವಚ್ಛತೆಯ ಕೆಲಸಗಳು ಈಗ ಬಹುತೇಕ ಗುತ್ತಿಗೆದಾರರ ಮೂಲಕ ನಡೆಯುತ್ತವೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಸಂಸ್ಥೆಯೇ ಕೊಡಬೇಕೆಂದು ಕಾನೂನು ಹೇಳುತ್ತದೆ. ವಾಸ್ತವದಲ್ಲಿ ಅವರ ಬಿಲ್ಲು ಯಾವುದೋ ಮೇಜಿನ ಮೇಲೆ ಕೂತರೆ ಕೂಲಿಯೂ ಅಲ್ಲೇ ಕೂರುತ್ತದೆ. ಕ್ರಿಸ್‌ಮಸ್ ರಜೆಗೆ ಹೊರಡುವ ಮುನ್ನ ನಾನು ಆ ಬಿಲ್ಲುಗಳನ್ನೆಲ್ಲ ಪಾಸು ಮಾಡಿಸಿಯೇ ಎದ್ದೇಳುತ್ತೇನೆ. ನನ್ನ ರಜೆಯಿಂದಾಗಿ ಇನ್ನೊಬ್ಬರ ಸಂಬಳ ಜನವರಿಗೆ ಹೋಗಬಾರದು. ಮಧ್ಯರಾತ್ರಿಯ ಪೂಜೆಗೆ ನಾನು ಮಾಡಿಕೊಳ್ಳುವ ಸಿದ್ಧತೆಯಲ್ಲಿ ಇದೂ ಸೇರಿದೆ.

ರಜೆಯ ಹಕ್ಕೂ ಹಣದ ವಿಷಯವೇ. ಕರ್ನಾಟಕದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜಾದಿನಗಳ ಕಾಯ್ದೆ ಐದು ರಾಷ್ಟ್ರೀಯ ಮತ್ತು ನಾಡಿನ ದಿನಗಳ ಜೊತೆಗೆ ಐದು ಹಬ್ಬದ ರಜೆಗಳನ್ನು ಕೊಡುತ್ತದೆ. ಆ ದಿನ ಕೆಲಸಕ್ಕೆ ಕರೆದರೆ ದುಪ್ಪಟ್ಟು ಕೂಲಿ, ಇಲ್ಲವೇ ಅಂದಿನ ಕೂಲಿಯ ಜೊತೆಗೆ ಸಂಬಳಸಹಿತ ಇನ್ನೊಂದು ರಜೆ. ನಿಮ್ಮ ಸಂಸ್ಥೆಯ ಪಟ್ಟಿಯಲ್ಲಿ ಡಿಸೆಂಬರ್ 25 ಇದೆಯೇ ಎಂದು ವರ್ಷಾರಂಭದಲ್ಲೇ ನೋಡಿಕೊಳ್ಳಿ. ನಮ್ಮಲ್ಲಿ ದೀಪಾವಳಿಗೆ ಹಿಂದೂ ಸಹೋದ್ಯೋಗಿಗಳ ಕೆಲಸವನ್ನು ನಾವು ನೋಡಿಕೊಳ್ಳುತ್ತೇವೆ, ಕ್ರಿಸ್‌ಮಸ್ಸಿಗೆ ನಮ್ಮದನ್ನು ಅವರು. ಈ ಹೊಂದಾಣಿಕೆ ನನಗೆ ಬಲು ಪ್ರಿಯ. ಆದರೂ ದುಪ್ಪಟ್ಟು ಕೂಲಿ ಯಾರಿಗೆ ಸಲ್ಲಬೇಕೋ ಅವರಿಗೆ ಬರೆದೇ ಬರೆಯುತ್ತೇನೆ.

ಇಷ್ಟನ್ನೆಲ್ಲ ಕೊಡಲು ಹಣ ಎಲ್ಲಿಂದ ಎಂದು ಕೇಳಬಹುದು. ಜನವರಿಯಿಂದ ನವೆಂಬರ್‌ವರೆಗೆ ತಿಂಗಳಿಗೆ 1,000 ರೂಪಾಯಿ ಆರ್‌.ಡಿ. ಕಟ್ಟಿದರೆ ಆಗಮನ ಕಾಲಕ್ಕೆ 11,000 ಮತ್ತು ಅದರ ಬಡ್ಡಿ ಕೈಯಲ್ಲಿರುತ್ತದೆ. ಕ್ರೆಡಿಟ್ ಕಾರ್ಡಿನ ಹಬ್ಬ ಬೇಡ. ಬಾಕಿ ಉಳಿಸಿಕೊಂಡರೆ ಅನೇಕ ಕಾರ್ಡುಗಳಲ್ಲಿ ತಿಂಗಳಿಗೇ ಶೇ. 3ರಷ್ಟು ಅಥವಾ ಅದಕ್ಕೂ ಮೇಲೆ ಬಡ್ಡಿ. ಡಿಸೆಂಬರ್ ಸಂಬಳ ಹಬ್ಬಕ್ಕೆ ಮುಂಚೆಯೇ ಬಂದರೆ ಅದು ಜನವರಿ ಕೊನೆಯವರೆಗೆ ಬಾಳಬೇಕು ಎಂಬುದನ್ನು ನೆನಪಿಡಿ. ಬಂದ ದಿನವೇ ಜನವರಿಯ ಬಾಡಿಗೆ, ಶಾಲೆಯ ಫೀಸು, ಮನೆಗೆಲಸದವರ ಸಂಬಳವನ್ನು ಬೇರೆ ಖಾತೆಗೆ ಹಾಕಿಬಿಡಿ.

ಕೊನೆಯದಾಗಿ, ಇದೇ ಪ್ರಶ್ನೆಯನ್ನು ನಮ್ಮ ಚರ್ಚುಗಳಲ್ಲೂ ಕೇಳಬೇಕು. ಗೋದಲಿಗೂ ವಿದ್ಯುದ್ದೀಪಕ್ಕೂ ಹಣ ಮಂಜೂರು ಮಾಡುವ ಪಾಲನಾ ಮಂಡಳಿಯ ಸಭೆಯಲ್ಲಿ, ಆವರಣ ಗುಡಿಸುವವರಿಗೆ, ಕಾವಲುಗಾರರಿಗೆ, ನಮ್ಮ ಶಾಲೆಗಳಲ್ಲಿ ತಾತ್ಕಾಲಿಕವಾಗಿ ಪಾಠ ಮಾಡುವ ಟೀಚರುಗಳಿಗೆ ಬೋನಸ್ ಸಂದಿದೆಯೇ ಎಂದು ಯಾರಾದರೂ ಎದ್ದು ಕೇಳಲಿ. ಬಡಗಿಯ ಮನೆಯಲ್ಲಿ ಬೆಳೆದವನ ಹುಟ್ಟುಹಬ್ಬ ಇದು. ಕೆಲಸಗಾರರ ಬಾಕಿ ತೀರಿಸದೆ ಅದನ್ನು ಆಚರಿಸುವ ಅಧಿಕಾರ ನಮಗಿಲ್ಲ.