ಬಂಡಾಯ ನಿಗ್ರಹದಲ್ಲಿ ಅಂತರಜಾಲದ ಪಾತ್ರ

ಎರಡು ಸೈನ್ಯಗಳು ಎದುರುಬದುರಾಗಿ ನಿಂತು ಹೋರಾಡುವ ಯುದ್ಧಕ್ಕೂ ಸಶಸ್ತ್ರ ಬಂಡಾಯಕ್ಕೂ ಮೂಲಭೂತವಾದ ಅಂತರವಿದೆ. ಬಂಡುಕೋರನು ಜನರ ನಡುವೆಯೇ ಅಡಗಿರುತ್ತಾನೆ. ಅನ್ನ, ಆಶ್ರಯ, ಸುದ್ದಿ, ಹೊಸ ಸದಸ್ಯರು ಎಲ್ಲವೂ ಅವನಿಗೆ ಜನರಿಂದಲೇ ದೊರೆಯಬೇಕು. ಆದುದರಿಂದ ಇಂತಹ ಸಮರದಲ್ಲಿ ಜನರ ವಿಶ್ವಾಸವನ್ನು ಗಳಿಸಿದವರೇ ಗೆಲ್ಲುತ್ತಾರೆ. 1948ರಿಂದ 1960ರವರೆಗೆ ಮಲಯದ ಬಂಡಾಯವನ್ನು ಎದುರಿಸಿದ ಬ್ರಿಟಿಷರು ವಿಮಾನಗಳಿಂದ ಕರಪತ್ರಗಳನ್ನು ಉದುರಿಸುತ್ತಿದ್ದುದು ಈ ಕಾರಣದಿಂದಲೇ. ಅಂದು ವಿಮಾನಗಳು ಸರಕಾರದ ಕೈಯಲ್ಲಿ ಮಾತ್ರ ಇದ್ದವು. ಇಂದಿನ ಅಂತರಜಾಲವಾದರೋ ಉಭಯ ಪಕ್ಷಗಳಿಗೂ ತೆರೆದಿದೆ.

2014ರ ಜೂನ್ ತಿಂಗಳಲ್ಲಿ ಇರಾಕಿನ ಮೊಸುಲ್ ನಗರವನ್ನು ವಶಪಡಿಸಿಕೊಂಡ ಐಸಿಸ್ ಸಂಘಟನೆಯು ತನ್ನ ಚಲಚ್ಚಿತ್ರಗಳನ್ನೂ ಪತ್ರಿಕೆಗಳನ್ನೂ ಅಂತರಜಾಲದಲ್ಲಿ ಹರಡಿ ಅನೇಕ ದೇಶಗಳ ಯುವಕರನ್ನು ಸೆಳೆಯಿತು. ಇದನ್ನು ತಡೆಯಲು ಅಮೆರಿಕದ ಸೈಬರ್ ಕಮಾಂಡ್ 2016ರ ನವೆಂಬರಿನಲ್ಲಿ 'ಗ್ಲೋಯಿಂಗ್ ಸಿಂಫನಿ' ಎಂಬ ಕಾರ್ಯಾಚರಣೆಯನ್ನು ಕೈಗೊಂಡಿತು. ತಜ್ಞರು ವಂಚಕ ಮಿಂಚಂಚೆಗಳ ಮೂಲಕ ಆ ಸಂಘಟನೆಯ ಖಾತೆಗಳನ್ನು ಹೊಕ್ಕು, ಗುಪ್ತಪದಗಳನ್ನು ಬದಲಾಯಿಸಿ, ಕಡತಗಳನ್ನು ಅಳಿಸಿದರು. ಪ್ರಚಾರಕಾರ್ಯ ಕುಂಠಿತವಾಯಿತಾದರೂ ಪೂರ್ಣವಾಗಿ ನಿಲ್ಲಲಿಲ್ಲ. ಮೊಸುಲ್ ಬಿಡುಗಡೆಯಾದುದು ಬೀದಿಬೀದಿಗಳಲ್ಲಿ ಒಂಬತ್ತು ತಿಂಗಳ ಕಾಳಗ ನಡೆದ ಮೇಲೆ, 2017ರ ಜುಲೈಯಲ್ಲಿ.

ಸರಕಾರಗಳ ಕೈಯಲ್ಲಿರುವ ಮತ್ತೊಂದು ಉಪಾಯವೆಂದರೆ ಸಂಪರ್ಕವನ್ನೇ ಕಡಿದುಹಾಕುವುದು. ಜಮ್ಮು-ಕಾಶ್ಮೀರದಲ್ಲಿ 2019ರ ಆಗಸ್ಟಿನಲ್ಲಿ ಸ್ಥಗಿತಗೊಂಡ ಅತಿವೇಗದ ಮೊಬೈಲ್ ಅಂತರಜಾಲವು ಪ್ರದೇಶದಾದ್ಯಂತ ಮರಳಿದುದು 2021ರ ಫೆಬ್ರವರಿಯಲ್ಲಿ. ಉಗ್ರರ ಸಂಪರ್ಕವನ್ನೂ ವದಂತಿಗಳನ್ನೂ ತಡೆಯುವುದು ಸರಕಾರದ ಉದ್ದೇಶವಾಗಿತ್ತು. ಆದರೆ ವಿದ್ಯಾರ್ಥಿಯ ಪಾಠ, ವೈದ್ಯರ ಸಮಾಲೋಚನೆ, ವರ್ತಕರ ವ್ಯವಹಾರಗಳಿಗೂ ಅದೇ ಮಾರ್ಗವಿತ್ತು. ಅನಿರ್ದಿಷ್ಟಾವಧಿಯ ಸ್ಥಗಿತವು ಸಲ್ಲದೆಂದೂ, ಇಂತಹ ಆದೇಶಗಳನ್ನು ಪ್ರಕಟಿಸಬೇಕೆಂದೂ ಸರ್ವೋಚ್ಚ ನ್ಯಾಯಾಲಯವು 2020ರ ಜನವರಿ 10ರಂದು ಅನುರಾಧಾ ಭಾಸಿನ್ ಪ್ರಕರಣದಲ್ಲಿ ತೀರ್ಪಿತ್ತಿತು. ಸಂಪರ್ಕ ಕಡಿದಾಗ ವದಂತಿಯೊಡನೆ ಅದನ್ನು ಅಲ್ಲಗಳೆಯುವ ಸತ್ಯದ ದಾರಿಯೂ ಮುಚ್ಚುತ್ತದೆಂಬುದನ್ನು ಮರೆಯಲಾಗದು.

ಬಂಡಾಯಪೀಡಿತವಲ್ಲದ ನಮ್ಮ ನಾಡಿಗೂ ವದಂತಿಯ ಬಲ ಅಪರಿಚಿತವೇನಲ್ಲ. 2012ರ ಆಗಸ್ಟಿನಲ್ಲಿ ಮೊಬೈಲ್ ಸಂದೇಶಗಳಿಂದ ಹಬ್ಬಿದ ಭೀತಿಗೆ ಈಶಾನ್ಯ ರಾಜ್ಯಗಳ ಸಹಸ್ರಾರು ಜನರು ಬೆಂಗಳೂರನ್ನು ತೊರೆದು ರೈಲು ಹತ್ತಿದರು. ಕೇಂದ್ರ ಸರಕಾರ ಸಾಮೂಹಿಕ ಸಂದೇಶಗಳಿಗೆ ಮಿತಿ ಹಾಕಿತು. ಇತ್ತ ರಾಜ್ಯದ ಸಚಿವರೂ ಪೊಲೀಸರೂ ನಿಲ್ದಾಣಕ್ಕೇ ತೆರಳಿ ಅಭಯವಿತ್ತರು.

ಸೈಬರ್ ತಂತ್ರವು ಶತ್ರುವಿನ ಬಾಯಿಯನ್ನು ಕೆಲಕಾಲ ಕಟ್ಟಬಲ್ಲದು. ಪ್ರಜೆಗಳ ನಂಬಿಕೆಯನ್ನು ಗಳಿಸಿಕೊಡಲಾರದು. ಅದಕ್ಕೆ ನ್ಯಾಯವಾದ ಆಡಳಿತವೂ ತ್ವರಿತವಾದ ಸತ್ಯನಿವೇದನೆಯೂ ಅಗತ್ಯ. ಕೇಳಿದ ಸುದ್ದಿಯನ್ನು ಪರೀಕ್ಷಿಸಿಯೇ ನಂಬುವ ಅಭ್ಯಾಸವನ್ನು ವಿದ್ಯಾರ್ಥಿಗಳಲ್ಲಿ ಬೆಳೆಸುವ ಶಿಕ್ಷಕರೂ ಈ ದೃಷ್ಟಿಯಿಂದ ದೇಶರಕ್ಷಣೆಯ ಕಾರ್ಯದಲ್ಲಿ ಪಾಲುಗಾರರೇ ಸರಿ.