ಬ್ರೇಕ್ ಹಿಡಿದ ಕೂಡಲೇ ಸೈಕಲ್ ನಿಲ್ಲುತ್ತದೆಯೇ?

ಮಕ್ಕಳೇ, ನೀವು ಗಂಗಾವತಿ ಪೇಟೆಯಲ್ಲಿ ಸೈಕಲ್ ತುಳಿಯುತ್ತಿದ್ದೀರಿ ಎಂದುಕೊಳ್ಳಿ. ಮುಂದೆ ಭತ್ತದ ಚೀಲ ಹೇರಿದ ಲಾರಿ ಸಾಗುತ್ತಿದೆ. ಅದು ತಟ್ಟನೆ ನಿಂತರೆ? 'ಬ್ರೇಕ್ ಹಿಡಿಯುತ್ತೇವೆ' ಎನ್ನುವಿರಿ. ಆದರೆ ಸೈಕಲ್ ಆ ಕ್ಷಣವೇ ನಿಲ್ಲುವುದಿಲ್ಲ. ಏಕೆ ಗೊತ್ತೇ?

ಕಣ್ಣು ಕಂಡದ್ದನ್ನು ಮೆದುಳು ತಿಳಿದು, ಕೈ ಬ್ರೇಕ್ ಹಿಡಿಯಲು ಸುಮಾರು 1 ಸೆಕೆಂಡ್ ಬೇಕು. ಗಂಟೆಗೆ 15 ಕಿ.ಮೀ. ವೇಗದ ಸೈಕಲ್ ಅಷ್ಟರಲ್ಲೇ ಸುಮಾರು 4 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕ್ ಹಿಡಿದ ಮೇಲೂ ಜಡತ್ವದಿಂದ ಇನ್ನಷ್ಟು ದೂರ ಸಾಗುತ್ತದೆ. ಅದನ್ನು ನಿಲ್ಲಿಸುವುದು ಘರ್ಷಣೆ. ಮಳೆಯಲ್ಲಿ ಗಾಲಿ ಒದ್ದೆಯಾದರೆ ಘರ್ಷಣೆ ಕಡಿಮೆಯಾಗಿ, ನಿಲ್ಲುವ ದೂರ ಹೆಚ್ಚುತ್ತದೆ.

ಲಾರಿಯ ಬೆನ್ನಿಗೇ ಅಂಟಿಕೊಂಡು ಹೋದರೆ ಚಾಲಕನಿಗೆ ಕನ್ನಡಿಯಲ್ಲೂ ನೀವು ಕಾಣುವುದಿಲ್ಲ. ಆದ್ದರಿಂದ ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಯಾವ ಊರಿನ ರಸ್ತೆಯಾದರೂ ಎಡಬದಿಯಲ್ಲೇ ಸಾಗಿ. ಮುಂದಿನ ವಾಹನದಿಂದ ಕನಿಷ್ಠ ಐದು ಸೈಕಲ್‌ಗಳ ಉದ್ದದಷ್ಟು ಅಂತರ ಬಿಡಿ. ಮಳೆಯಲ್ಲಿ ಇನ್ನೂ ಹೆಚ್ಚು ಬಿಡಿ.

ಮಾಡಿ ನೋಡಿ: ಶಾಲೆಯ ಮೈದಾನದಲ್ಲಿ ನಿಧಾನವಾಗಿ ಸೈಕಲ್ ತುಳಿಯಿರಿ. ಶಿಕ್ಷಕರು ಸೀಟಿ ಊದಿದಾಗ ಎರಡೂ ಬ್ರೇಕ್ ಒಟ್ಟಿಗೆ ಹಿಡಿಯಿರಿ. ಸೀಟಿ ಕೇಳಿದಾಗ ನೀವಿದ್ದ ಜಾಗವನ್ನು ಗೆಳೆಯರು ಗುರುತು ಮಾಡಲಿ. ಅಲ್ಲಿಂದ ನಿಂತ ಜಾಗಕ್ಕೆ ಎಷ್ಟು ಮೀಟರ್? ಅಳೆದು ಬರೆದಿಡಿ.