ಕಡ್ಡಿಯಿಂದ ಔಷಧಿಯ ಪೊದೆ

ಮುಂಗಾರಿನ ಮೊದಲಲ್ಲಿ ಬೇಲಿಯ ಮಗ್ಗುಲಿಗೆ ಊರಿ ಮರೆತ ಆಡುಸೋಗೆಯ ಕಡ್ಡಿಯು ತಾನಾಗಿ ಚಿಗುರಿ ಪೊದೆಯಾಗುವುದನ್ನು ಕಂಡ ರೈತನು, ಅದೇ ಭರವಸೆಯಿಂದ ಏಕನಾಯಕದ ಕಡ್ಡಿಗಳನ್ನು ನೆಟ್ಟು, ಅವು ಒಣಗಿದಾಗ ತನ್ನ ಕೈಗುಣವನ್ನು ಹಳಿದುಕೊಳ್ಳುವುದುಂಟು. ಬೇರು ಮೂಡಿಸುವ ಚೋದಕವನ್ನು ಸಸ್ಯವು ತನ್ನ ಚಿಗುರೆಲೆಗಳಲ್ಲಿ ತಾನೇ ನಿರ್ಮಿಸಿ ಬುಡದತ್ತ ಇಳಿಸುತ್ತದೆ. ಕೆಲವು ಜಾತಿಗಳಿಗೆ ಅದು ಸಾಲದಾದ್ದರಿಂದ, ಇಂಡೋಲ್ ಬ್ಯುಟಿರಿಕ್ ಆಮ್ಲವನ್ನು, ಅಂದರೆ ಪೇಟೆಯಲ್ಲಿ ಐಬಿಎ ಎಂದು ದೊರೆಯುವ ದ್ರವ್ಯವನ್ನು, ಹೊರಗಿನಿಂದ ಒದಗಿಸಬೇಕಾಗುತ್ತದೆ. ಮಧುಮೇಹಕ್ಕೆಂದು ಏಕನಾಯಕದ ಬೇರನ್ನು ಅಗೆದಲ್ಲಿ ಗಿಡವೇ ನಾಶವಾಗುವುದರಿಂದ, ಅದನ್ನು ತೋಟದಲ್ಲಿ ಬೆಳೆಸುವುದು ಕಾಡಿನ ರಕ್ಷಣೆಗೂ ಅವಶ್ಯವೆಂದು ನಾನು ನಂಬಿದ್ದೇನೆ.

ಕಡ್ಡಿಯ ಆಯ್ಕೆಯಲ್ಲಿ ತಪ್ಪಿದರೆ ಯಾವ ಚೋದಕವೂ ಅದನ್ನು ಸರಿಪಡಿಸಲಾರದು. ತೀರ ಎಳೆಯದೂ ಅಲ್ಲದ, ಬಲಿತು ಮರವಾದುದೂ ಅಲ್ಲದ, ಪೆನ್ಸಿಲಿನಷ್ಟು ದಪ್ಪದ ರೋಗರಹಿತ ರೆಂಬೆಯನ್ನು ಬೆಳಗಿನ ತಂಪಿನಲ್ಲಿ ಕೊಯ್ದು, 15ರಿಂದ 20 ಸೆಂಟಿಮೀಟರ್ ಉದ್ದದ, ಮೂರು ನಾಲ್ಕು ಗೆಣ್ಣುಗಳುಳ್ಳ ತುಂಡುಗಳನ್ನು ಮಾಡತಕ್ಕದ್ದು. ಬುಡವನ್ನು ಗೆಣ್ಣಿನ ಕೆಳಗೆ ಓರೆಯಾಗಿಯೂ ತುದಿಯನ್ನು ಸಮನಾಗಿಯೂ ಕತ್ತರಿಸಿದರೆ, ನೆಡುವಾಗ ತಲೆಕೆಳಗಾಗುವ ಪ್ರಮಾದವು ತಪ್ಪುವುದು. ತುದಿಯಲ್ಲಿ ಎರಡು ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ ಉಳಿಸಬೇಕು.

ಐಬಿಎ ನೀರಿನಲ್ಲಿ ಸುಲಭವಾಗಿ ಕರಗದ ಕಾರಣ, 1 ಗ್ರಾಮನ್ನು ಮೊದಲು ಸ್ವಲ್ಪ ಮದ್ಯಸಾರದಲ್ಲಿ ಕರಗಿಸಿ ಅನಂತರ ನೀರು ಬೆರೆಸಿ 1 ಲೀಟರ್ ಮಾಡಿಕೊಂಡರೆ 1000 ಪಿಪಿಎಂ ದ್ರಾವಣವಾಗುತ್ತದೆ. ಬೇರು ಬಿಡಲು ಹಿಂಜರಿಯುವ ಜಾತಿಗಳಿಗೆ ಲೀಟರಿಗೆ 2ರಿಂದ 3 ಗ್ರಾಂವರೆಗೆ ಬಳಸಬಹುದು. ಹೆಚ್ಚಿದಷ್ಟೂ ಲೇಸೆಂಬ ಭಾವನೆ ಸಲ್ಲದು, ಅತಿಯಾದಲ್ಲಿ ಬುಡವು ಕಪ್ಪಾಗಿ ಕೊಳೆಯುವುದು. ಬೇಕಾದಷ್ಟನ್ನು ಬಟ್ಟಲಿಗೆ ಸುರಿದುಕೊಂಡು, ಬುಡದ ಎರಡು ಸೆಂಟಿಮೀಟರನ್ನು ಹತ್ತು ಸೆಕೆಂಡು ಅದ್ದಿ, ಮರಳು, ಮಣ್ಣು, ಕೊಟ್ಟಿಗೆಗೊಬ್ಬರ ಸಮನಾಗಿ ಬೆರೆಸಿದ ಚೀಲದಲ್ಲಿ ಕೋಲಿನಿಂದ ರಂಧ್ರ ಮಾಡಿ ನೆಟ್ಟು, ಸುತ್ತ ಮಣ್ಣನ್ನು ಒತ್ತಿ, ನೆರಳಿನಲ್ಲಿಟ್ಟು ತೇವವನ್ನು ಕಾಯಬೇಕು.

ಎಲೆ ಮೂಡಿದ ಮಾತ್ರಕ್ಕೆ ಬೇರು ಬಂದಿತೆಂದು ತಿಳಿಯಬಾರದು. ನಾನೊಮ್ಮೆ ಮೂರನೆಯ ವಾರ ಸೊಂಪಾಗಿ ಚಿಗುರಿದ್ದ ಕಡ್ಡಿಯನ್ನು ಮೆಲ್ಲನೆ ಎತ್ತಿ ನೋಡಿದಾಗ, ಕೊಯ್ದ ಬಾಯಿಯಲ್ಲಿ ಸಣ್ಣ ಬಿಳಿಯ ಗಂಟೊಂದು ಮಾತ್ರ ಕಟ್ಟಿತ್ತು. ಆ ಎಲೆಗಳು ಕಡ್ಡಿಯ ಹಳೆಯ ಸಂಗ್ರಹವನ್ನು ಉಂಡು ಬೆಳೆದವಾಗಿದ್ದವು. ಆರೆಂಟು ವಾರ ಕಾದು, ಚೀಲದ ತಳದಲ್ಲಿ ಬೇರು ಇಣುಕಿದ ಮೇಲೆಯೇ ಗಿಡಗಳನ್ನು ಕ್ರಮೇಣ ಬಿಸಿಲಿಗೆ ರೂಢಿಸಬೇಕು. ಕಡ್ಡಿಯ ಗಿಡಗಳೆಲ್ಲವೂ ತಾಯಿಯ ಪ್ರತಿರೂಪಗಳೇ ಆದ್ದರಿಂದ, ಒಂದೇ ರೋಗಕ್ಕೆ ತೋಟವೆಲ್ಲ ಬಲಿಯಾಗದಂತೆ ಹತ್ತಾರು ತಾಯಿಗಿಡಗಳಿಂದ ಕಡ್ಡಿಗಳನ್ನು ಆರಿಸಿ, ಚೀಲಗಳ ಮೇಲೆ ಆಯಾ ಗುರುತನ್ನು ಬರೆದಿಡುವುದು ಉಚಿತ.